‘ನನ್ನ ಪುಟ್ಟ ಅನ್ಬೇಡಿ’

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಮಗನಿಗೆ ಮೊನ್ನೆ ಏಳು ತುಂಬಿತು, ಎರಡನೇ ಕ್ಲಾಸು. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳ, 112 ಸೆಂ.ಮೀ. ಹೋದ ಹುಟ್ಟುಹಬ್ಬಕ್ಕೆ 106.5 ಇದ್ದ. ಯಜಮಾನರು 163 ಸೆಂ.ಮೀ., ನಾನು 150. ಸ್ಕೂಲ್ ವ್ಯಾನಿನಲ್ಲಿ ದೊಡ್ಡ ಹುಡುಗರು ಅವನನ್ನು ಮಗು ಥರ ಎತ್ತಿಕೊಂಡು ನಗುತ್ತಾರಂತೆ. ಪ್ರೇಯರ್ ಸಾಲಿನಲ್ಲಿ ಯಾವಾಗಲೂ ಇವನೇ ಮುಂದೆ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತಾನೆ. ಮನೆಯಲ್ಲಿ ಎಲ್ಲರೂ ‘ಪುಟ್ಟ’ ಅಂತ ಕರೆಯುವುದು ರೂಢಿ. ಈಗ ‘ನನ್ನ ಪುಟ್ಟ ಅನ್ಬೇಡಿ’ ಅಂತ ಅಳುತ್ತಾನೆ. ಯಜಮಾನರು ನೆಂಟರ ಮುಂದೆ ‘ನನ್ನ ಥರಾನೇ ಗಿಡ್ಡ ಆಗ್ಬಿಟ್ಟ’ ಅಂತಾರೆ. ನಾನು ಪ್ರತಿ ಭಾನುವಾರ ಬಾಗಿಲಿಗೆ ನಿಲ್ಲಿಸಿ ಅಳೆಯುತ್ತೇನೆ. ಟೀವಿಯಲ್ಲಿ ಬರುವ ಪೌಡರ್ ಕೊಡುತ್ತಿದ್ದೇನೆ. ‘ಅಮ್ಮ, ನಾನು ಯಾವಾಗ ದೊಡ್ಡೋನಾಗ್ತೀನಿ?’ ಅಂದರೆ ನನ್ನಲ್ಲಿ ಉತ್ತರವಿಲ್ಲ.
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಭಯದ ವಿಷಯ ಮುಗಿಸೋಣ. ಐದು ವರ್ಷ ದಾಟಿದ ಮಕ್ಕಳು ಹರೆಯಕ್ಕೆ ಕಾಲಿಡುವ ತನಕ ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತಾರೆ. ನಿಮ್ಮ ಮಗ 5.5 ಬೆಳೆದಿದ್ದಾನೆ. ಕುಳ್ಳಗಿದ್ದಾನೆ ನಿಜ, ಆದರೆ ಬೆಳವಣಿಗೆ ನಿಂತಿಲ್ಲ. ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದಿದ್ದರೆ ಥೈರಾಯ್ಡ್, ಹಾರ್ಮೋನಿನ ಕೊರತೆ ಇಂಥ ಕಾರಣ ಹುಡುಕಬೇಕಾಗುತ್ತದೆ. ಆದರೂ ಹಾಸನಕ್ಕೆ ಹೋದಾಗ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಅವನ ಅಳತೆಗಳನ್ನು ಬೆಳವಣಿಗೆಯ ಚಾರ್ಟಿನಲ್ಲಿ ಗುರುತು ಹಾಕಿಸಿಕೊಳ್ಳಿ. ನಿಮ್ಮ ಮನಸ್ಸಿಗೂ ನೆಮ್ಮದಿ. ಪೌಡರ್ ಕುಡಿದರೆ, ಕಂಬಿಗೆ ಜೋತುಬಿದ್ದರೆ ಎತ್ತರ ಹೆಚ್ಚುವುದಿಲ್ಲ. ಆ ದುಡ್ಡಿಗೆ ಮೊಟ್ಟೆ, ಬೇಳೆ, ಹಣ್ಣು ತನ್ನಿ.

ಭಾನುವಾರದ ಅಳತೆ ದಯವಿಟ್ಟು ನಿಲ್ಲಿಸಿ. ವಾರಕ್ಕೆ ಬೆಳೆಯುವುದು ಒಂದು ಮಿಲಿಮೀಟರ್ ಅಷ್ಟೇ. ಅದು ಯಾವ ಟೇಪಿಗೂ ಸರಿಯಾಗಿ ಸಿಗುವುದಿಲ್ಲ. ಮಗುವಿಗೆ ಮಾತ್ರ ಪ್ರತಿ ವಾರ ‘ಈ ಸಲವೂ ಇಲ್ಲ’ ಅನ್ನುವ ರಿಸಲ್ಟು. ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು ನಿಂತಿರುತ್ತಾನೆ ಅಲ್ವಾ, ಪಾಪ? ಆರು ತಿಂಗಳಿಗೊಮ್ಮೆ ಸಾಕು.

ಈಗ ಮುಖ್ಯ ವಿಷಯ. ಕುಳ್ಳಗಿರುವ ಮಗುವನ್ನು ನಾವು ದೊಡ್ಡವರು ನಮಗೇ ಗೊತ್ತಿಲ್ಲದೆ ಇನ್ನೂ ಚಿಕ್ಕದು ಮಾಡಿಬಿಡುತ್ತೇವೆ. ನಾನೂ ಮಾಡಿದ್ದೇನೆ. ನನ್ನ ತಂಗಿಯ ಮಗಳು ಹೀಗೇ ಕುಳ್ಳಿ. ಅವಳಿಗೆ ಎಂಟು ವರ್ಷವಾದರೂ ನಾನು ರೊಟ್ಟಿ ಮುರಿದು ತಟ್ಟೆಗೆ ಹಾಕುತ್ತಿದ್ದೆ. ಅವಳಿಗಿಂತ ಒಂದು ವರ್ಷ ಚಿಕ್ಕವನಾದ ನನ್ನ ಮಗ ಪಕ್ಕದಲ್ಲೇ ಕೂತು ತಾನೇ ಮುರಿದು ತಿನ್ನುತ್ತಿದ್ದ. ಅವಳು ಒಂದು ದಿನ ನನ್ನ ಕೈ ಹಿಡಿದು ‘ದೊಡ್ಡಮ್ಮ, ನಂಗೆ ಬರತ್ತೆ’ ಅಂದಳು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಎತ್ತರ ನೋಡಿ ಮಾತಾಡಿಸಬೇಡಿ, ವಯಸ್ಸು ನೋಡಿ ಮಾತಾಡಿಸಿ. ನಿಮ್ಮ ಮಗನಿಗೆ ಏಳು ವರ್ಷ. ಏಳು ವರ್ಷದ ಹುಡುಗ ಮಾಡಬಹುದಾದ್ದೆಲ್ಲ ಅವನೇ ಮಾಡಲಿ.

ಒಂದು ಸಲ ನಿಮ್ಮ ಮನೆಯನ್ನು ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಸ್ಕೂಲ್ ಬ್ಯಾಗ್ ನೇತುಹಾಕುವ ಮೊಳೆ ಎಲ್ಲಿದೆ? ಅವನ ಲೋಟ, ತಟ್ಟೆ, ಟವೆಲ್? ಎಲ್ಲದಕ್ಕೂ ‘ಅಮ್ಮಾ, ಕೊಡು’ ಅನ್ನಬೇಕಾದರೆ ದಿನಕ್ಕೆ ಹತ್ತು ಸಲ ತಾನು ಕುಳ್ಳ ಅಂತ ನೆನಪಾಗುತ್ತದೆ. ಮೊಳೆ ಕೆಳಗೆ ಹೊಡೆಯಿರಿ. ಸಿಂಕಿನ ಹತ್ತಿರ ಅಲ್ಲಾಡದ ಒಂದು ಸ್ಟೂಲ್ ಇಡಿ. ಕೋಳಿಗೂಡಿನ ಬಾಗಿಲು ತೆಗೆಯುವುದು, ಅಂಗಡಿಗೆ ಹೋಗಿ ಮೊಸರು ತಂದು ಚಿಲ್ಲರೆ ಎಣಿಸಿಕೊಳ್ಳುವುದು, ಇಂಥ ಒಂದು ಕೆಲಸ ಪೂರ್ತಿ ಅವನದ್ದಾಗಲಿ. ಮರೆತರೆ ಬೈಯಿರಿ ಕೂಡ! ‘ಚಿಕ್ಕವನು, ಬಿಡು’ ಅನ್ನಬೇಡಿ.

‘ಪುಟ್ಟ’ ಅನ್ನುವ ಹೆಸರು ಇವತ್ತೇ ಬಿಡಿ. ನಿಮಗದು ಮುದ್ದು, ಅವನಿಗೀಗ ಅದು ವ್ಯಾನಿನಲ್ಲಿ ಕೇಳಿದ ಮಾತಿನ ಥರ ಚುಚ್ಚುತ್ತಿದೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ದಾನೆ. ಅವನು ಬೇಡ ಅಂದದ್ದನ್ನು ಮನೆಯವರೇ ಕೇಳದಿದ್ದರೆ ವ್ಯಾನಿನಲ್ಲಿ ಯಾವ ಧೈರ್ಯದಿಂದ ಬೇಡ ಅಂತಾನೆ ಹೇಳಿ? ಅಜ್ಜಿಗೂ ತಿಳಿಸಿ ಹೇಳಿ. ಬಾಯಿ ತಪ್ಪಿ ಬಂದರೆ ಅವನೇ ತಿದ್ದಲಿ.

ಎತ್ತಿಕೊಳ್ಳುವುದು ಮಾತ್ರ ತಮಾಷೆಯಲ್ಲ. ಬೇಡ ಅಂದವರ ಮೈ ಮುಟ್ಟುವುದು ತಪ್ಪು, ಅದನ್ನು ನಿಲ್ಲಿಸುವ ಜವಾಬ್ದಾರಿ ದೊಡ್ಡವರದು. ಡ್ರೈವರ್ ಹತ್ತಿರವೂ ಟೀಚರ್ ಹತ್ತಿರವೂ ನೀವೇ ಮಾತಾಡಿ, ಮಗ ಎದುರಿಗಿಲ್ಲದಾಗ. ಪ್ರೇಯರ್ ಸಾಲಿಗಾಗಿ ಜಗಳ ಬೇಡ. ವಾರಕ್ಕೊಮ್ಮೆ ಸಾಲು ತಿರುಗಿಸಿ ನಿಲ್ಲಿಸಲು ಆಗುತ್ತದಾ ಅಂತ ಸುಮ್ನೆ ಕೇಳಿ ನೋಡಿ. ಇತ್ತ ಮನೆಯಲ್ಲಿ ಅವನಿಗೆ ಒಂದು ವಾಕ್ಯ ಕಲಿಸಿ: ‘ಕೆಳಗೆ ಬಿಡು, ನಂಗಿಷ್ಟ ಇಲ್ಲ.’ ಅಪ್ಪ ಎತ್ತಿಕೊಳ್ಳಲಿ, ಇವನು ಕಣ್ಣಲ್ಲಿ ಕಣ್ಣಿಟ್ಟು ಗಟ್ಟಿಯಾಗಿ ಹೇಳಲಿ, ಹೇಳಿದ ತಕ್ಷಣ ಅಪ್ಪ ಇಳಿಸಲಿ. ಮೊದಲ ದಿನ ನಗು ಬರುತ್ತದೆ. ನಾಲ್ಕನೇ ದಿನಕ್ಕೆ ದನಿ ಗಟ್ಟಿಯಾಗುತ್ತದೆ. ಅಷ್ಟಾದರೂ ಹೊಟ್ಟೆನೋವು ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನೆಪ ಅಂತ ತಳ್ಳಿಹಾಕಬೇಡಿ.

ಕುಳ್ಳಗಿದ್ದು ದೊಡ್ಡ ಹೆಸರು ಮಾಡಿದವರ ಕಥೆ ಹೇಳುವ ಆಸೆ ಆಗುತ್ತದೆ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಇದ್ದಾರಲ್ಲ, ಅವರ ಕಥೆ ಹೇಳಿ. ಆದರೆ ಎತ್ತರದ ಮಾತು ಎತ್ತದೆ ಹೇಳಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಏಳು ವರ್ಷದ ಹುಡುಗನಿಗೆ ಆ ಸೊನ್ನೆ ಬೇಕು. ಎತ್ತರದ ವಿಷಯ ಅವನೇ ಫೋಟೋ ನೋಡಿ ಕಂಡುಕೊಳ್ಳುತ್ತಾನೆ.

ಇನ್ನು ಅವನ ಪ್ರಶ್ನೆ. ಗಂಡುಮಗುವಾದರೆ ತಾಯಿಯ ಎತ್ತರಕ್ಕೆ 13 ಸೆಂ.ಮೀ. ಸೇರಿಸಿ, ತಂದೆಯ ಎತ್ತರದ ಜೊತೆ ಕೂಡಿ ಅರ್ಧ ಮಾಡಿ ಡಾಕ್ಟರುಗಳು ಒಂದು ಅಂದಾಜು ಹೇಳುತ್ತಾರೆ. ನಿಮ್ಮ ಲೆಕ್ಕ 163 ಬರುತ್ತದೆ. ಮೂರು ಇಂಚು ಆಚೀಚೆ ಆಗಬಹುದು, ಆದರೂ ಅದು ಸರಿಯಾಗಿ ಅವನ ಅಪ್ಪನ ಎತ್ತರ. ‘ನೀನು ಅಪ್ಪನಷ್ಟು ಆಗ್ತೀಯ’ ಅನ್ನುವುದೇ ಉತ್ತರ. ಆದರೆ ಅಪ್ಪ ನೆಂಟರ ಮುಂದೆ ತನ್ನನ್ನೇ ಗಿಡ್ಡ ಅಂತ ಹೀಯಾಳಿಸಿಕೊಂಡರೆ ಆ ಉತ್ತರದಿಂದ ಮಗುವಿಗೆ ಏನು ಸುಖ? ಅದಕ್ಕೇ ಈ ಮಾತು ಯಜಮಾನರ ಬಾಯಿಂದ ಬರಲಿ. ಈ ಪತ್ರ ಅವರಿಗೂ ಓದಿಸಿ. ಕಾಳುಮೆಣಸು ಕೊಯ್ಯುವಾಗ ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಲಿ. ಏಣಿಯ ಬುಡ ಹಿಡಿದುಕೊಳ್ಳುವುದಕ್ಕೆ ಒಬ್ಬ ದೊಡ್ಡವರು ಇರಲಿ, ಅವರ ಪಕ್ಕ ಇವನೂ ಕೈ ಕೊಡಲಿ. ಇಳಿದು ಬಂದು ಬೆವರು ಒರೆಸಿಕೊಳ್ಳುತ್ತಾ ಅಪ್ಪ ಹೇಳಲಿ: ‘ನೀನು ನನ್ನಷ್ಟು ಆಗ್ತೀಯ ಕಣೋ.’