ವಿದೇಶದಲ್ಲಿ ಒಟಿಪಿ ಬರಲು ಏನು ಮಾಡಬೇಕು?

ಪ್ರಶ್ನೆ: ಮೂರು ತಿಂಗಳ ಮಟ್ಟಿಗೆ ಜರ್ಮನಿಯ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನಲ್ಲೇ ಸೇರಿಸುವ ಸಿಮ್) ಹಾಕಿಸಿದರೆ ನಮ್ಮ ಬ್ಯಾಂಕಿನ ಒಟಿಪಿ ಬರುತ್ತದೆಯೇ? ಬಿಲ್ ಏರದಂತೆ ಏನು ಮಾಡಬೇಕು?

ಉತ್ತರ: ಬರುತ್ತದೆ, ಊರಿನ ಸಿಮ್ ಮಾತ್ರ ಫೋನಿನಲ್ಲೇ ಇರಲಿ. ಒಟಿಪಿ ಎಸ್‌ಎಂಎಸ್‌ಗೆ ಇಂಟರ್ನೆಟ್ ಬೇಡ, ರೋಮಿಂಗ್ ಸೇವೆ, ಅಂದರೆ ಊರಿನ ಸಿಮ್ ಅಲ್ಲಿನ ನೆಟ್‌ವರ್ಕ್‌ನಲ್ಲಿ ನಡೆಯುವ ಸೌಲಭ್ಯ, ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ‘ಇಂಟರ್‌ನ್ಯಾಷನಲ್ ರೋಮಿಂಗ್’ ಮೊಬೈಲ್ ಕಂಪನಿ ಕೊಡುವ ಸೇವೆ, ‘ಡೇಟಾ ರೋಮಿಂಗ್’ ರೋಮಿಂಗ್‌ನಲ್ಲಿ ಇಂಟರ್ನೆಟ್ ಬಳಸಲು ಬಿಡುವ ಫೋನಿನ ಸೆಟ್ಟಿಂಗ್. ಊರಿನ ಸಿಮ್‌ಗೆ ಮೊದಲನೆಯದು ಆನ್, ಎರಡನೆಯದು ಆಫ್. ಸೇವೆಯನ್ನು ಇಲ್ಲಿಂದ ಹೊರಡುವ ಮೊದಲೇ ಆನ್ ಮಾಡಿಸಿ. ಪ್ರೀಪೇಯ್ಡ್ ಆದರೆ ರೋಮಿಂಗ್ ಪ್ಯಾಕ್ ಕಡ್ಡಾಯವೇ ಎಂದು ಕೇಳಿ, ವಾಪಸಾಗುವ ದಿನದವರೆಗೂ ವ್ಯಾಲಿಡಿಟಿ ಇರುವಂತೆ ರೀಚಾರ್ಜ್ ಮಾಡಿಸಿ.

ಇ-ಸಿಮ್‌ನ ಕ್ಯೂಆರ್ ಕೋಡನ್ನು ಮನೆಯ ವೈಫೈನಲ್ಲೇ ಸ್ಕ್ಯಾನ್ ಮಾಡಿ. ಇಳಿದ ಮೇಲೆ ‘ಮೊಬೈಲ್ ಡೇಟಾ’ಕ್ಕೆ ಅದನ್ನೇ ಆರಿಸಿ. ಪ್ರವಾಸಿಗರ ಎಷ್ಟೋ ಇ-ಸಿಮ್‌ಗಳಿಗೆ, ಆ ಲೈನಿನಲ್ಲಿ ಮಾತ್ರ, ಡೇಟಾ ರೋಮಿಂಗ್ ಆನ್ ಇರಬೇಕು. ಇಲ್ಲದಿದ್ದರೆ ಸಿಗ್ನಲ್ ಇದ್ದರೂ ನೆಟ್ ಬರದು.

ಊರಿನ ನಂಬರಿಗೆ ಬಂದ ಕರೆ ಎತ್ತಿದರೂ ದುಡ್ಡು ಕಟ್ಟಾಗಬಹುದು. ಕಾಲ್ ಫಾರ್ವರ್ಡ್ (ಕರೆಯನ್ನು ಬೇರೆ ನಂಬರಿಗೆ ದಾಟಿಸುವ ವ್ಯವಸ್ಥೆ) ಇದ್ದರೆ ಎತ್ತದ ಕರೆಗೂ ಶುಲ್ಕ ಬೀಳಬಹುದು. ಹೊರಡುವ ಮೊದಲು ##002# ಡಯಲ್ ಮಾಡಿ ತೆಗೆಸಿಬಿಡಿ. ವಾಟ್ಸ್‌ಆ್ಯಪ್ ಹಳೇ ನಂಬರಿನಲ್ಲೇ ಮುಂದುವರಿಯುತ್ತದೆ, ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ.