ಎ321ಎಕ್ಸ್‌ಎಲ್‌ಆರ್ ವಿಮಾನ ಬರಲು ಐದು ವರ್ಷ ಹಿಡಿದದ್ದೇಕೆ?

ಕಿರಿದಾದ ಒಡಲಿದ್ದರೂ ಬಹುದೂರ ಹಾರಬಲ್ಲ ವಿಮಾನವೆಂದು 2019ರಲ್ಲಿ ಘೋಷಣೆಯಾದ ಏರ್‌ಬಸ್ ಎ321ಎಕ್ಸ್‌ಎಲ್‌ಆರ್ ಸೇವೆಗೆ ಬಂದದ್ದು 2024ರ ನವೆಂಬರಿನಲ್ಲಿ. ಇಷ್ಟು ತಡವೇಕೆ, ಆದರೂ ಬೇಡಿಕೆ ಕುಗ್ಗದಿರುವುದೇಕೆ ಎಂಬುದು ಬಳ್ಳಾರಿಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ.

ತಡಕ್ಕೆ ಮುಖ್ಯ ಕಾರಣ ಇಂಧನದ ಟ್ಯಾಂಕು. ಸುಮಾರು 8,700 ಕಿ.ಮೀ. ಹಾರಬೇಕಾದ ಈ ವಿಮಾನದಲ್ಲಿ, ಹಿಂಭಾಗದ ಸರಕಿನ ಜಾಗವನ್ನು ಬಳಸಿಕೊಂಡು, ಒಡಲಿನ ಭಾಗವೇ ಆಗಿರುವ 12,900 ಲೀಟರಿನ ಟ್ಯಾಂಕನ್ನು ಅಳವಡಿಸಲಾಗಿದೆ. ಚಕ್ರಗಳು ತೆರೆಯದೆ ವಿಮಾನ ನೆಲಕ್ಕೆ ಉಜ್ಜಿಕೊಂಡು ಇಳಿದರೆ, ಇಲ್ಲವೆ ಹೊರಗೆ ಬೆಂಕಿ ಹೊತ್ತಿಕೊಂಡರೆ, ಪ್ರಯಾಣಿಕರ ಕಾಲಡಿಯಲ್ಲೇ ಇರುವ ಆ ಇಂಧನದ ಗತಿಯೇನು ಎಂದು ಐರೋಪ್ಯ ಸುರಕ್ಷತಾ ಸಂಸ್ಥೆ ಪ್ರಶ್ನಿಸಿದ್ದರಿಂದ ವಿನ್ಯಾಸವನ್ನು ಬಲಪಡಿಸಬೇಕಾಯಿತು. 2022ರ ಜೂನ್‌ನಲ್ಲಿ ಮೊದಲ ಬಾರಿ ಹಾರಿದ ವಿಮಾನಕ್ಕೆ ಪ್ರಮಾಣಪತ್ರ ದೊರೆತದ್ದು 2024ರ ಜುಲೈನಲ್ಲಿ. ಸೇವೆಗೆ ತರಲು ಮೊದಲು ಹೇಳಿದ್ದ 2023ರ ಗಡುವು ಹೀಗೆ ತಪ್ಪಿತು. ಇಂತಹ ತಡವನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಬೇಡಿಕೆಯ ಲೆಕ್ಕ ಸರಳ. ಇಂತಹದೇ ಗಾತ್ರದ, ದೂರ ಹಾರುತ್ತಿದ್ದ ಬೋಯಿಂಗ್ 757 ವಿಮಾನದ ತಯಾರಿಕೆ 2004ರಲ್ಲಿ ನಿಂತ ಮೇಲೆ ಅದರ ಜಾಗ ಬಹುಕಾಲ ಖಾಲಿಯೇ ಉಳಿದಿತ್ತು. ಮುನ್ನೂರು ಆಸನಗಳ ದೊಡ್ಡ ವಿಮಾನ ತುಂಬದ ದೂರದ ಮಾರ್ಗದಲ್ಲಿ ಇನ್ನೂರು ಆಸನಗಳ ವಿಮಾನ ತುಂಬೀತು, ಇಂಧನವೂ ಉಳಿದೀತು. ಸ್ಪೇನಿನ ಐಬೇರಿಯಾ ಸಂಸ್ಥೆ ಮ್ಯಾಡ್ರಿಡ್–ಬಾಸ್ಟನ್ ನಡುವೆ ಇದನ್ನು ಮೊದಲ ಬಾರಿ ಅಟ್ಲಾಂಟಿಕ್ ದಾಟಿಸಿತು. ನಮ್ಮ ಇಂಡಿಗೊ ಕೂಡ ಇದನ್ನು ಕೊಳ್ಳಲು ಆದೇಶ ನೀಡಿದೆ. ಹಾಗೆಂದು ಬಳ್ಳಾರಿ ಸಮೀಪದ ತೋರಣಗಲ್ಲಿನ ವಿದ್ಯಾನಗರದ ಸಣ್ಣ ವಿಮಾನ ನಿಲ್ದಾಣದಲ್ಲಿ ಇದನ್ನು ನಿರೀಕ್ಷಿಸಬೇಡಿ. ಯುರೋಪಿಗೆ ಹೊರಟ ಬಳ್ಳಾರಿಯವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿಯೇ ವಿಮಾನ ಹತ್ತಬೇಕು.