ಬಳ್ಳಾರಿಯ ಬಿಸಿಲಿಗೆ ವಿಮಾನದ ಎತ್ತರಮಾಪಕ ತಪ್ಪಿದರೆ ಇಳಿಯುವ ಕೋನ ಏನಾಗುತ್ತದೆ?

ಬಿಸಿಲಿಗೆ ಎತ್ತರಮಾಪಕ ತಪ್ಪು ತೋರಿಸುವುದಾದರೆ ಮೇ ತಿಂಗಳ ಮಧ್ಯಾಹ್ನ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಇಳಿಯುವುದು ಅಪಾಯವಲ್ಲವೇ, ಪೈಲಟ್ ಕೋನವನ್ನು ತಿದ್ದಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಇದು ತುಂಬ ಇಷ್ಟವಾದ ಪ್ರಶ್ನೆ. ತಪ್ಪು ಇರುವುದು ನಿಜ. ಆದರೆ ಬಿಸಿಲಿನಲ್ಲಿ ಅದು ವಿಮಾನವನ್ನು ನೆಲದಿಂದ ದೂರವೇ ಇಡುತ್ತದೆ.

ಎತ್ತರಮಾಪಕಕ್ಕೆ ಗೊತ್ತಿರುವುದು ಗಾಳಿಯ ಒತ್ತಡ ಮಾತ್ರ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ಮೇಲೇರಿದಂತೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ ಎಂದು ನಂಬಿಕೊಂಡು ಅದು ಒತ್ತಡವನ್ನು ಅಡಿಗಳ ಲೆಕ್ಕಕ್ಕೆ ತರುತ್ತದೆ. ಸುಮಾರು 500 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಆ ಪ್ರಕಾರ 12 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ಇರುವುದು 41! ಕಾದ ಗಾಳಿ ಹಿಗ್ಗಿ ಒತ್ತಡದ ಮಟ್ಟಗಳು ಮೇಲಕ್ಕೆ ಸರಿಯುತ್ತವೆ. ಸೆಲ್ಸಿಯಸ್‌ಗೆ 273 ಕೂಡಿಸಿ ಎರಡನ್ನೂ ಕೆಲ್ವಿನ್‌ಗೆ ತಂದು, 314ನ್ನು 285ರಿಂದ ಭಾಗಿಸಿ, 1.10 ಬರುತ್ತದೆ. ಮಾಪಕದ ಪ್ರಕಾರ ರನ್‌ವೇಗಿಂತ 1000 ಅಡಿ ಮೇಲಿರುವ ವಿಮಾನ ನಿಜಕ್ಕೂ ಸುಮಾರು 1100 ಅಡಿ ಮೇಲಿರುತ್ತದೆ. ಪೈಲಟ್‌ಗಳ ಬಾಯಿಲೆಕ್ಕ ಇನ್ನೂ ಸರಳ: ಪ್ರತಿ 10 ಡಿಗ್ರಿ ವ್ಯತ್ಯಾಸಕ್ಕೆ ಶೇ 4.

ನಿಲ್ದಾಣ ತಿಳಿಸುವ ಅಂದಿನ ಒತ್ತಡವನ್ನು ಮಾಪಕಕ್ಕೆ ಹೊಂದಿಸುವುದರಿಂದ ರನ್‌ವೇ ಮಟ್ಟದಲ್ಲಿ ತಪ್ಪು ಸೊನ್ನೆ. ಮೇಲೆ ಹೋದಷ್ಟೂ ಬೆಳೆಯುತ್ತದೆ. ಆದ್ದರಿಂದ ದಾರಿಯ ಓರೆಯೇ ಬದಲಾಗುತ್ತದೆ. ಒತ್ತಡದ ಎತ್ತರವನ್ನು ಅನುಸರಿಸಿ ಇಳಿಯುವ ವಿಮಾನಕ್ಕೆ ಇಳಿಯುವ ದಾರಿಯ ನಕ್ಷೆಯಲ್ಲಿರುವ 3 ಡಿಗ್ರಿ ಕೋನ ಇಲ್ಲಿ 3.3 ಆಗುತ್ತದೆ. ನೆಲದ ಮೇಲಿನ ವೇಗ 120 ನಾಟ್ ಇದ್ದರೆ ನಿಮಿಷಕ್ಕೆ 640 ಅಡಿ ಇಳಿಯುವ ಬದಲು 700 ಅಡಿ ಇಳಿಯಬೇಕು. 3 ಡಿಗ್ರಿಗೆ ಹೊಂದಿಸಿದ ರನ್‌ವೇ ಪಕ್ಕದ, ಇಳಿಯುವ ಕೋನ ಸರಿಯಿದೆಯೇ ಎಂದು ಬಣ್ಣದಿಂದ ತಿಳಿಸುವ ನಾಲ್ಕು ‘ಪಾಪಿ’ (PAPI) ದೀಪಗಳು ಎರಡು ಬಿಳಿ, ಎರಡು ಕೆಂಪು ಕಾಣುವ ಬದಲು ಮೂರು ಬಿಳಿ, ಒಂದು ಕೆಂಪಾಗಿ ಕಾಣುತ್ತವೆ. ಪೈಲಟ್ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಹೀಗೆಯೇ.

ನೆಲದಿಂದ ರೇಡಿಯೋ ಕಿರಣ ಕಳಿಸಿ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ವ್ಯವಸ್ಥೆ ಇರುವಲ್ಲಿ ಈ ತೊಂದರೆ ಇಲ್ಲ, ರೇಡಿಯೋ ಕಿರಣಕ್ಕೆ ಬಿಸಿಲಿನ ಹಂಗಿಲ್ಲ. ಉಪಗ್ರಹದ ನೆರವಿನಿಂದ ದಾರಿ ತೋರಿಸುವ ಭಾರತದ ಗಗನ್ ವ್ಯವಸ್ಥೆಯೂ ಹಾಗೆಯೇ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನ ಅದರ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ಸಣ್ಣ ನಿಲ್ದಾಣಗಳಿಗೆಲ್ಲ ಇದು ಬೇಗ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಜವಾಗಿ ಹೆದರಬೇಕಾದದ್ದು ಚಳಿಗೆ. ಸಮುದ್ರಮಟ್ಟದ ನಿಲ್ದಾಣದಲ್ಲಿ ಮೈನಸ್ 30 ಡಿಗ್ರಿ ಇದ್ದರೆ 3 ಡಿಗ್ರಿಯ ದಾರಿ 2.5ಕ್ಕೆ ಕುಸಿದು, ಕೆಳಗಿನ ಗುಡ್ಡಗಳಿಗೆ ವಿಮಾನ ಹತ್ತಿರವಾಗುತ್ತದೆ. ಅದಕ್ಕೇ ಪೈಲಟ್‌ಗಳು ಕೋಷ್ಟಕ ನೋಡಿ ಕನಿಷ್ಠ ಎತ್ತರಗಳಿಗೆ ಅಡಿಗಳನ್ನು ಕೂಡಿಸುತ್ತಾರೆ. ಒತ್ತಡ ಆಧಾರಿತ ಇಳಿಕೆಯ ನಕ್ಷೆಗಳಲ್ಲಿ ಕನಿಷ್ಠ ತಾಪಮಾನವನ್ನೂ ಮುದ್ರಿಸಿರುತ್ತಾರೆ; ಅದಕ್ಕಿಂತ ಚಳಿಯಿದ್ದರೆ, ಉಷ್ಣತೆಯನ್ನು ತಾನೇ ಸರಿದೂಗಿಸುವ ಕಂಪ್ಯೂಟರ್ ವಿಮಾನದಲ್ಲಿ ಇಲ್ಲದಿದ್ದಾಗ ಆ ದಾರಿ ಹಿಡಿಯುವಂತಿಲ್ಲ.

ಬಳ್ಳಾರಿಯಲ್ಲಿ ಇದನ್ನೇ ತಿರುಗಿಸಿ, ಬಿಸಿಲಿದೆಯೆಂದು ನಕ್ಷೆಯ ಕನಿಷ್ಠ ಎತ್ತರದಿಂದ ಅಡಿಗಳನ್ನು ಕಳೆಯುವಂತಿಲ್ಲ. ದಾರಿ ಕಡಿದಾಗಿರುತ್ತದೆ ಎಂಬುದನ್ನು ಮೊದಲೇ ಅರಿತು, ವೇಗವನ್ನು ಬೇಗ ತಗ್ಗಿಸಿ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪಟ್ಟಿಗಳನ್ನು ತುಸು ಮುಂಚೆಯೇ ಇಳಿಸಿಕೊಳ್ಳುವುದು ಇಲ್ಲಿ ಪೈಲಟ್ ಮಾಡುವ ತಿದ್ದುಪಡಿ.